ತೂಕಡಿಕೆಯ ಒಪ್ಪಿಗೆ

ತಿಗನಾರೆಯ ಮಲ್ಲಪ್ಪನ ಮನೆಯಲ್ಲಿ ರಾಜ್ಯಭಾರ ನಡೆಯುತ್ತಿದ್ದುದು ಮಧ್ಯಾಹ್ನದ ಊಟವಾದ ಮೇಲೆ. ಮುದ್ದೆ ಉಂಡು ಜಗಲಿಯ ಮೇಲೆ ಕುಳಿತನೆಂದರೆ ಮಲ್ಲಪ್ಪನಿಗೆ ಕೂತಲ್ಲೇ ತೂಕಡಿಕೆ. ತಲೆ ಎದೆಗೆ ಬೀಳುವುದು, ಏಳುವುದು, ಮತ್ತೆ ಬೀಳುವುದು. ಅವನ ಹೆಂಡತಿ ರಾಚಮ್ಮ ಎಲೆಯಡಿಕೆ ಹಿಡಿದು ಪಕ್ಕದಲ್ಲಿ ಕೂತು, ಆ ಹೊತ್ತಿಗೆ ಸರಿಯಾಗಿ ತನ್ನ ಅರ್ಜಿ ಸಲ್ಲಿಸುತ್ತಿದ್ದಳು.

“ಒಂದು ಟೀವಿ ತರಣ್ವಾ?”

ತಲೆ ಆಡುತ್ತಿತ್ತು. ಟೀವಿ ಬಂತು. ಹಿಂದೆಯೇ ಮಿಕ್ಸಿ ಬಂತು. ಕೊಟ್ಟಿಗೆಯ ಕರಿ ಹಸು ರಾಚಮ್ಮನ ಅಕ್ಕನ ಮನೆಗೆ ಹೋಯಿತು. ಮಗಳು ಪೂಜ ಮೈಸೂರಿನಲ್ಲಿ ಟೀಚರ್ ಟ್ರೈನಿಂಗಿಗೆ ಸೇರಿದಳು. (ಎಲ್ಲವೂ ಯಜಮಾನರ ಅಪ್ಪಣೆ ಪಡೆದೇ.) “ನಾ ಯಾವಾಗ ಒಪ್ದಿ?” ಎಂದು ಮಲ್ಲಪ್ಪ ಕೇಳಿದರೆ, “ಪೂಜನ್ನೇ ಕೇಳಿ, ಅವಳ ಮುಂದ್ಗಡನೇ ತಲದೂಗುದ್ರಿ” ಎನ್ನುವಳು. ಮಾತಿಗೆ ತಪ್ಪಿದವನೆಂಬ ಹೆಸರು ಮಲ್ಲಪ್ಪನಿಗೆ ಬೇಡ. ತೆಪ್ಪಗಾಗುತ್ತಿದ್ದ.

ಇಷ್ಟು ಸುಖದ ಆಳ್ವಿಕೆಯಲ್ಲಿ ರಾಚಮ್ಮನಿಗೆ ಸಂಕಟ ಒಂದೇ. ರಾತ್ರಿ ಅವನ ಗೊರಕೆ ದನದ ಕೊಟ್ಟಿಗೆಯವರೆಗೂ ಕೇಳುತ್ತಿತ್ತು. ಅದನ್ನು ಅವಳು ಸಹಿಸಿಕೊಂಡಿದ್ದಳು. ಸಹಿಸಲಾಗದ್ದು ಗೊರಕೆ ನಿಲ್ಲುತ್ತಿದ್ದುದು. ಜೊತೆಗೆ ಉಸಿರೂ ನಿಂತುಬಿಡುವುದು. ಅವನ ಮೂಗಿನ ಹತ್ತಿರ ಕೈಯಿಟ್ಟುಕೊಂಡು ಕಾಯುವಳು. ಆಮೇಲೆ ಅವನು ಬುಸ್ಸೆಂದು ಉಸಿರೆಳೆದಾಗ ಇವಳಿಗೂ ಹೋದ ಜೀವ ಬಂದಂತಾಗುವುದು. ನಿಜಕ್ಕೂ ಅವಳಿಗೆ ಹೆದರಿಕೆಯಾಗಿತ್ತು. ಡಾಕ್ಟರ ಹತ್ತಿರ ಹೋಗೋಣವೆಂದರೆ ಮಲ್ಲಪ್ಪ, “ನಿದ್ದ ಬರ್ದೆ ಇರದು ಕಾಯ್ಲ ಕಣಮ್ಮಿ. ಬರದು ಯಾವ ಸೀಮೆ ಕಾಯ್ಲ?” ಎನ್ನುತ್ತಿದ್ದ.

ಹೀಗಿರುವಾಗ ಒಂದು ಮಧ್ಯಾಹ್ನ ಜೀರಹಳ್ಳಿಯಿಂದ ರಾಚಮ್ಮನ ದೂರದ ತಮ್ಮ ಬಸವಣ್ಣ ಬಂದ. ಅವಳು ಒಳಗೆ ಕಾಫಿ ಕಾಸುತ್ತಿದ್ದಾಗ, ಜಗಲಿಯಲ್ಲಿ ಭಾವನ ಮುಂದೆ ಕೂತು ತನ್ನ ಮಗನಿಗೆ ಪೂಜಳನ್ನು ಕೇಳಿಯೇಬಿಟ್ಟ.

“ಭಾವ ಒಪ್ಕಂಡ್ರು ಕಣಕ್ಕ,” ಎಂದ, ಕಾಫಿ ಈಸಿಕೊಳ್ಳುತ್ತಾ. “ಓದು ಬುಡ್ಸಿ ಮುಂದ್ಲ ತಿಂಗ್ಳೇ ಮದ್ವ ಮಾಡ್ಬುಡಣ ಅಂತ ನಾ ಅಂದಿ, ಅದ್ಕೂ ತಲ ಆಡುಸುದ್ರು.”

ಪೂಜಳ ಓದಿಗೆ ಇನ್ನೊಂದು ವರ್ಷ ಬಾಕಿಯಿತ್ತು. ರಾಚಮ್ಮ ಗಂಡನ ಭುಜ ಹಿಡಿದು ಅಲುಗಿಸಿದಳು. ವಿಷಯ ಕೇಳಿ ಮಲ್ಲಪ್ಪ, “ತಲದೂಗಿವ್ನಿ ಅಂದ್ಮೇಲ ಮುಗೀತು. ಮಾತು ಮಾತೇ” ಎಂದ. ಇಷ್ಟು ವರ್ಷ ಅವಳೇ ಕಲಿಸಿದ ಪಾಠವನ್ನು ತಪ್ಪಿಲ್ಲದೆ ಒಪ್ಪಿಸಿದ.

ಮಾರನೆಯ ದಿನ ಊಟವಾದ ಮೇಲೆ ಅವಳು ಎಂದಿನಂತೆ ಪಕ್ಕದಲ್ಲಿ ಕೂತು ಕೇಳಿದಳು: “ನಾಳ ಮೈಸೂರ್ಗ ಓಗಿ ಡಾಕ್ಟ್ರುಗ ತೋರ್ಸಣ್ವಾ?”

ತಲೆ ಆಡಿತು. ಮಾತಿಗೆ ತಪ್ಪದ ಮಲ್ಲಪ್ಪ ಬೆಳಿಗ್ಗೆ ಗೊಣಗುತ್ತಲೇ ಬಸ್ಸು ಹತ್ತಿದ.

ಆಸ್ಪತ್ರೆಯಲ್ಲಿ ತಲೆಗೂ ಎದೆಗೂ ವೈರು ಅಂಟಿಸಿ ರಾತ್ರಿಯಿಡೀ ಮಲಗಿಸಿದರು. ಇದು ಸ್ಲೀಪ್ ಆಪ್ನಿಯಾ ಎಂದರು ಡಾಕ್ಟರು. ಮಲಗಿದಾಗ ಗಂಟಲು ಮುಚ್ಚಿಕೊಂಡು ಉಸಿರು ನಿಲ್ಲುತ್ತದೆ, ಮೈ ಬೆಚ್ಚಿ ಎಚ್ಚರಗೊಳ್ಳುತ್ತದೆ. ರಾತ್ರಿಯೆಲ್ಲ ಇದೇ ಆದರೆ ನಿದ್ದೆ ಎಲ್ಲಿ ಬಂತು? ಅದಕ್ಕೇ ಹಗಲು ತೂಕಡಿಕೆ. ಬಿ.ಪಿ. ಆಗಲೇ ಏರಿದೆ, ಹೀಗೇ ಬಿಟ್ಟರೆ ಹೃದಯಕ್ಕೂ ಪೆಟ್ಟು. ಮೂಗಿಗೆ ಉದ್ದ ಕೊಳವೆಯ ಮಾಸ್ಕ್ ಕಟ್ಟಿಕೊಂಡು ಮಲಗಬೇಕೆಂದು ಗಾಳಿ ಊದುವ ಮಿಷಿನ್ನೊಂದನ್ನು ಕೊಡಿಸಿದರು. (ಕಟ್ಟಿಕೊಂಡರೆ ಮಲ್ಲಪ್ಪನಿಗೆ ಸೊಂಡಿಲು ಬಂದ ಹಾಗೆ. ಕಬ್ಬಿಗೆ ನುಗ್ಗುವ ಆನೆ ಕಂಡಿದ್ದರೆ ನೆಂಟನ ಮನೆಯೆಂದು ಒಳಕ್ಕೇ ಬರುತ್ತಿತ್ತು.)

ಕೆಲವೇ ದಿನಗಳಲ್ಲಿ ಮಲ್ಲಪ್ಪ ಹಗಲೆಲ್ಲ ಕಣ್ಣರಳಿಸಿಕೊಂಡು ಕೂರುವಂತಾದ. ರಾಚಮ್ಮ ಬಸವಣ್ಣನನ್ನು ಕರೆಸಿದಳು.

“ನಿದ್ದಲಿ ತಲದೂಗಿದ್ದು ಒಪ್ಗ ಅಲ್ಲ ಕಣಪ್ಪ. ಅದು ಕಾಯ್ಲ. ಡಾಕ್ಟ್ರೇ ಯೋಳವ್ರ.”

ಬಸವಣ್ಣ ಭಾವನ ಮುಖ ನೋಡಿದ.

“ದಿಟ ಕಣಪ್ಪ,” ಎಂದ ಮಲ್ಲಪ್ಪ. “ನೀ ಏನ್ ಕೇಳ್ದಿಯೋ ನನ್ಗ ಗೊತ್ತೇ ಇಲ್ಲ.”

ಬಸವಣ್ಣ ಮುಖ ಸಣ್ಣದು ಮಾಡಿಕೊಂಡು ಹೋದ. ಪೂಜಳ ಓದು ಉಳಿಯಿತು. ರಾಚಮ್ಮ ಸೆರಗಿನಿಂದ ಬೆವರು ಒರೆಸಿಕೊಳ್ಳುವಷ್ಟರಲ್ಲಿ ಮಲ್ಲಪ್ಪ ಅವಳ ಕಡೆ ತಿರುಗಿದ.

“ಅಂಗಾರ ಟೀವಿ?”

ರಾಚಮ್ಮ ಎಲೆಯಡಿಕೆ ತಟ್ಟೆ ಎಳೆದುಕೊಂಡಳು.

“ಮಿಕ್ಸಿ? ನಿಮ್ಮಕ್ಕುನ್ ಮನಗ ಒಡ್ಕಂಡೋದ ಕರಿ ಅಸ?”

“ಅವೆಲ್ಲ ಅಳೇವು, ಬುಡಿ.”

“ಡಾಕ್ಟ್ರತ್ರ ಬತ್ತಿನಿ ಅಂದದ್ದೂ ನಿದ್ದಲೆ ತಾನೆ? ಅದೂ ಒಪ್ಗ ಅಲ್ಲ. ಆ ಸೊಂಡ್ಲ ನಾ ಇನ್ಮುಂದ ಕಟ್ಗಳದಿಲ್ಲ.”

ಇಷ್ಟು ಮಾಡಿ ಕೊನೆಗೆ ಮನುಷ್ಯನೇ ಉಳಿಯದಿದ್ದರೆ ಟೀವಿ ಕಟ್ಟಿಕೊಂಡು ಏನು ಮಾಡುವುದು? ರಾಚಮ್ಮನಿಗೆ ಅಳುವೇ ಬಂತು.

“ಟೀವಿ ಮಾರ್ಬುಡಿ. ಅಸನೂ ವಾಪಸ್ ತರುಸ್ತಿನಿ. ನಿಮ್ಮ ಕೇಳ್ದೆ ಒಂದು ಚಮ್ಚನೂ ತರದಿಲ್ಲ. ಅದೊಂದ ಮಾತ್ರ ಕಟ್ಗಳಿ. ನೀವು ಉಸ್ರಾಡ್ಕಂಡಿದ್ರ ಸಾಕು ನನ್ಗ.”

ಇಷ್ಟು ವರ್ಷದಲ್ಲಿ ಅವಳ ಯಾವ ಅರ್ಜಿಗೂ ಬಾರದಿದ್ದ ಉತ್ತರ ಆಗ ಬಂತು.

“ಯೋಚ್ನ ಮಾಡಿ ಯೋಳ್ತಿನಿ” ಎಂದ ಮಲ್ಲಪ್ಪ.

ಆ ರಾತ್ರಿ ಅವನು ಯಾರೂ ಹೇಳದೆಯೇ ಮಾಸ್ಕ್ ಕಟ್ಟಿಕೊಂಡು ಮಲಗಿದ. ಅದಕ್ಕೂ ಮುಂಚೆ ರಾಚಮ್ಮನ ಸೊಂಟದಿಂದ ದುಡ್ಡಿಡುವ ಬೀರುವಿನ ಬೀಗದ ಕೈ ಬಿಚ್ಚಿಸಿಕೊಂಡು ತನ್ನ ಉಡುದಾರಕ್ಕೆ ಕಟ್ಟಿಕೊಂಡಿದ್ದ.