ಚಿಕ್ಕಪ್ಪನ ಮೈಮೇಲೆ ಬಂದ ದೇವರು

ನಮ್ಮ ಚಿಕ್ಕಪ್ಪನಷ್ಟು ಸತ್ಯವಂತ ಕುಡುಕ ಇಡೀ ಬೇಲೂರು ತಾಲ್ಲೂಕಿನಲ್ಲಿ ಇರಲಿಲ್ಲ! "ಬೇಲೂರು ತಾಲ್ಲೂಕಲ್ಲಿ ಇನ್ನು ತೊಟ್ಟೂ ಮುಟ್ಟಲ್ಲ" ಎಂದು ಒಮ್ಮೆ ಮನೆದೇವರ ಮುಂದೆ ಕರ್ಪೂರ ಆರಿಸಿ ಆಣೆ ಮಾಡಿದರು. ಮಾರನೆಯ ದಿನದಿಂದ ಸ್ಕೂಲು ಬಿಟ್ಟೊಡನೆ ಬಸ್ಸು ಹತ್ತಿ ಗಂಡಸಿಗೆ ಹೋಗತೊಡಗಿದರು. ಗಂಡಸಿ ಇರುವುದು ಅರಸೀಕೆರೆ ತಾಲ್ಲೂಕಿನಲ್ಲಿ. ದೇವರು ತಾನೇ ಏನು ಹೇಳಿಯಾನು?

ಅದು ತೊಂಬತ್ತರ ದಶಕ. ಚಿಕ್ಕಪ್ಪ ಮಾದಿಹಳ್ಳಿಯಲ್ಲಿ ಡ್ರಾಯಿಂಗ್ ಮೇಷ್ಟರು. ಹಿಂದಿನ ಸಂಜೆ ಗಂಡಸಿಯ ಬಸ್ಸು ತಪ್ಪಿದ್ದರೆ ಬೆಳಗ್ಗೆ ಕೈ ನಡುಗಿ, ಬೋರ್ಡಿನ ಮೇಲೆ ಬರೆದ ಆನೆ ಮೇಕೆಯಾಗುತ್ತಿತ್ತು. ಮಕ್ಕಳು ನಕ್ಕರೆ, "ಬಡವರ ಮನೆ ಆನೆ ಕಣ್ರೋ, ಸೊರಗೈತೆ" ಎನ್ನುತ್ತಿದ್ದರು.

ಒಂದು ದಿನ ಅವರೇ ನಮ್ಮಪ್ಪನ ಮುಂದೆ ಕೈಮುಗಿದರು. "ಅಣ್ಣಯ್ಯ, ಇದು ನನ್ ಕೈ ಮೀರೈತೆ. ಆಸ್ಪತ್ರೆಗೆ ಸೇರ್ಸು."

"ಮನೇಲಿ ಮದ್ವೆಗೆ ಬಂದ ಮಗಳವಳೆ. ಅಪ್ಪ ಕುಡಿತ ಬಿಡ್ಸೋ ಆಸ್ಪತ್ರೆ ಸೇರವ್ನೆ ಅಂದ್ರೆ ಯಾವನ್ಲಾ ಹೆಣ್ಣು ಕೇಳ್ಕೊಂಡ್ ಬತ್ತಾನೆ?" ಎಂದರು ಅಪ್ಪ.

ರಸ್ತೆಯಲ್ಲಿ ಬಿದ್ದಾಗ ಹೋಗದ ಮಾನ ಆಸ್ಪತ್ರೆಯಲ್ಲಿ ಮಲಗಿದರೆ ಹೋಗುತ್ತದಂತೆ! ಎಂಥ ಮಾನವೋ!

ಆಸ್ಪತ್ರೆಯ ಬದಲು ಇನ್ನೊಂದು ಆಣೆ ಹಾಕಿಸಿದರು. ಈ ಸಲ ತಾಲ್ಲೂಕಿನ ಮಾತಿಲ್ಲ, ಭೂಮಿಯ ಮೇಲೆಲ್ಲೂ ಮುಟ್ಟುವಂತಿಲ್ಲ. ಚಿಕ್ಕಪ್ಪ ಮಾತಿಗೆ ತಪ್ಪುವವರೇ? ಒಮ್ಮೆಲೇ ಬಿಟ್ಟರು. ಒಂದೆರಡು ದಿನಕ್ಕೆ ಮೈಯೆಲ್ಲ ಬೆವರು, ಗಡಗಡ ನಡುಕ. ಇಲ್ಲದ ಇರುವೆಗಳು ಗೋಡೆಯ ಮೇಲೆ ಕಾಣತೊಡಗಿದವು. ನಮ್ಮವರಿಗೆ ಏನು ಹೊಳೆಯಿತು ಗೊತ್ತೇ? ದೇವರು ಮೈಮೇಲೆ ಬಂದಿದೆ! ತಕ್ಷಣ ಹಣೆಗೆ ಕುಂಕುಮ, ಎದುರಿಗೆ ಮಂಗಳಾರತಿ.

ಹಗರೆಯಿಂದ ಬಂದಿದ್ದ ಸೋದರತ್ತೆ ಅಡ್ಡಬಿದ್ದು ಕೇಳಿದಳು: "ಸ್ವಾಮಿ, ನಮ್ಮೆಮ್ಮೆ ಯಾವಾಗ ಗಬ್ಬ ಆಯ್ತದೆ?"

"ಇರುವೆ! ಇರುವೆ!" ಎಂದು ಚಿಕ್ಕಪ್ಪ ಕಿರುಚಿದರು.

"ಇರುವೆಗೆ ಸಕ್ರೆ ಹಾಕ್ಬೇಕಂತೆ ಕಣ್ರೇ!" ಅತ್ತೆ ಅರ್ಥ ಬಿಡಿಸಿ ಹೇಳಿದಳು.

ಬರೆಯುವಾಗ ಈಗಲೂ ನನ್ನ ಮೈ ಉರಿಯುತ್ತದೆ. ಮನುಷ್ಯನ ಪ್ರಾಣ ಹೋಗುತ್ತಿದೆ, ಇವರಿಗೆ ಎಮ್ಮೆಯ ಚಿಂತೆ! ವರ್ಷಗಟ್ಟಲೆ ಕುಡಿದವರಿಗೆ ದಿಢೀರನೆ ನಿಲ್ಲಿಸಿದರೆ ಜೀವಕ್ಕೇ ಅಪಾಯ, ಡಾಕ್ಟರ ಕಣ್ಣೆದುರಲ್ಲೇ ಬಿಡಿಸಬೇಕು ಎಂಬುದು ಅಷ್ಟೂ ಜನರಲ್ಲಿ ಒಬ್ಬರಿಗೂ ತಿಳಿದಿರಲಿಲ್ಲ. ಆಣೆಯೊಂದೇ ಔಷಧ! ನಾನು ಕೂಗಾಡಿ, ಹಳೇಬೀಡಿನಿಂದ ವ್ಯಾನು ತರಿಸಿ, ಆಸ್ಪತ್ರೆಗೆ ಹೊರಡಿಸಿದೆ.

"ಕುಡೀತಾರಾ?" ಡಾಕ್ಟರು ಕೇಳಿದರು.

"ಛೆ ಛೆ! ಮೇಷ್ಟ್ರು ಸಾರ್. ಬರೀ ಗ್ಯಾಸು" ಎಂದರು ಅಪ್ಪ. ಅತ್ತೆಯೂ ಗ್ಯಾಸೇ ಎಂದು ತಲೆಯಾಡಿಸಿದಳು.

ನಾನು ಬಾಯಿ ತೆರೆಯುವ ಮೊದಲೇ ಚಿಕ್ಕಪ್ಪನ ಮಗಳು ಎಲ್ಲರನ್ನೂ ತಳ್ಳಿಕೊಂಡು ಮುಂದೆ ಬಂದಳು. "ಗ್ಯಾಸಲ್ಲ ಸಾರ್. ಅಪ್ಪ ದಿನಾ ಕುಡೀತಿದ್ರು. ಇವ್ರೆಲ್ಲ ಸೇರಿ ಒಂದೇ ಸಲಕ್ಕೆ ಬಿಡ್ಸಿದಾರೆ."

"ಸುಮ್ನಿರೇ! ನಾಳೆ ನಿನ್ ಮದ್ವೆ..." ಅಪ್ಪ ಅವಳ ತೋಳು ಹಿಡಿದೆಳೆದರು.

"ಮದ್ವೆ ಆಗ್ದಿದ್ರೂ ಪರ್ವಾಗಿಲ್ಲ ದೊಡ್ಡಪ್ಪ. ನಂಗೆ ಅಪ್ಪ ಬೇಕು."

ಡಾಕ್ಟರು ನರ್ಸನ್ನು ಕೂಗಿ ಹಾಸಿಗೆ ಸಿದ್ಧಮಾಡಿಸಿದರು. ಮಲಗಿಸುವಾಗ ಚಿಕ್ಕಪ್ಪ ಮಗಳ ಮುಖವನ್ನೇ ನೋಡಿದರು. ಅವಳ ಕೆನ್ನೆಯ ಮೇಲೆ ಇಳಿಯುತ್ತಿದ್ದ ಕಣ್ಣೀರನ್ನು ಇರುವೆಯ ಸಾಲು ಎಂದುಕೊಂಡರೋ ಏನೋ, ಗಡಗಡ ನಡುಗುವ ಕೈಯಲ್ಲೇ ಒರೆಸತೊಡಗಿದರು.

"ಹೆದರ್ಬ್ಯಾಡ ಕಣವ್ವ" ಎಂದರು. "ನಿನ್ನ ಕಚ್ಚಾಕೆ ಬಿಡಲ್ಲ ನಾನು."