ಬಕೆಟ್ಟಿನಲ್ಲಿ ಆರು ಕಪ್ಪೆಚಿಪ್ಪು

ಸುಮ್ಮನೆ ಕುಳಿತುಕೊಳ್ಳುವುದು ನನ್ನ ಜಾತಕದಲ್ಲೇ ಇಲ್ಲ. ಅನ್ನ ಬೇಯುವಾಗ ಮುಚ್ಚಳ ಎತ್ತೆತ್ತಿ ನೋಡುತ್ತೇನೆ, ಬಸ್ಸಿಗೆ ಕಾಯುವಾಗ ನಡುರಸ್ತೆಗೆ ಹೋಗಿ ಇಣುಕುತ್ತೇನೆ. ಇಂಥವನು ಹಾನಗಲ್ಲಿನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ ಎಂಬುದು ಪ್ರಾಣಿಗಳ ದುರದೃಷ್ಟ.

ನಮ್ಮ ಪಾಠದಲ್ಲಿ ಕಡಲಿನ ಮೃದ್ವಂಗಿಗಳ ಸಂಗತಿ ಬರುತ್ತದೆ. ನೀರಿನ ಉಪ್ಪು ಒಮ್ಮೆಗೇ ಕಡಿಮೆಯಾದರೆ ಕಪ್ಪೆಚಿಪ್ಪಿನ ಜೀವ ಎರಡೂ ಕದ ಮುಚ್ಚಿ ಒಳಗೆ ಕುಳಿತುಬಿಡುತ್ತದೆ. ಉಪ್ಪು ಮರಳಿದರೆ ಮೆಲ್ಲಗೆ ತೆರೆಯುತ್ತದೆ. ಕಡಲನ್ನೇ ಕಾಣದ ಮಕ್ಕಳಿಗೆ ಇದನ್ನು ವರ್ಷಗಟ್ಟಲೆ ಹಲಗೆಯ ಮೇಲೆ ಬರೆದು ತೋರಿಸಿದೆ. ನನ್ನ ಚಿತ್ರ ಅವರಿಗೆ ಕಡಬಿನಂತೆ ಕಂಡಿತು. ಈ ಸಲ ಜೀವಂತವಾಗಿಯೇ ತೋರಿಸುತ್ತೇನೆಂದು ಹಟ ಹಿಡಿದು ಕುಮಟಾಕ್ಕೆ ಹೋಗಿ ಆರು ಕಪ್ಪೆಚಿಪ್ಪು, ಒಂದು ಕ್ಯಾನು ಕಡಲ ನೀರು ತಂದೆ. ಮರುದಿನ ಮಧ್ಯಾಹ್ನವೇ ತರಗತಿ. ಮೊಟ್ಟೆಯೂ ಹೊಸ್ತಿಲು ದಾಟದ ನಮ್ಮ ಮನೆಯೊಳಗೆ ಅವು ‘ಕಾಲೇಜಿನ ಸಾಮಾನು’ ಎಂಬ ಹೆಸರಿನಲ್ಲಿ ಬಂದು ಬಕೆಟ್ಟಿನಲ್ಲಿ ಇಳಿದುಕೊಂಡವು.

ನಮ್ಮ ಅವ್ವನದೊಂದು ಪದ್ಧತಿ ಇದೆ. ಬೆಳಗಾದರೆ ಮನೆಯಲ್ಲಿ ನಿನ್ನೆಯ ನೀರು ಒಂದು ತಂಬಿಗೆಯೂ ಉಳಿಯಕೂಡದು. ಕೊಡ, ಹಂಡೆ ಎಲ್ಲವನ್ನೂ ಚೆಲ್ಲಿ, ತಿಕ್ಕಿ, ಹೊಸ ನೀರು ತುಂಬುತ್ತಾಳೆ. ನಾನು ಎದ್ದು ಓಡಿಹೋಗಿ ನೋಡುವಷ್ಟರಲ್ಲಿ ಕಡಲು ಬಚ್ಚಲಿನ ಪಾಲಾಗಿತ್ತು. ಬಕೆಟ್ಟು ಫಳಫಳ ಹೊಳೆಯುತ್ತಿತ್ತು, ತುಂಬ ಬೋರಿನ ಸಿಹಿನೀರು, ಆರೂ ಚಿಪ್ಪು ಗಟ್ಟಿಯಾಗಿ ಮುಚ್ಚಿದ್ದವು.

“ಪಾಪ, ನಿನ್ನಿ ನೀರಾಗ ಕುಂತಿದ್ವು. ಛಲೋ ನೀರು ಹಾಕೇನಿ,” ಅಂದಳು ಅವ್ವ.

ನನ್ನ ಪ್ರಯೋಗವನ್ನು ನನಗಿಂತ ಮೊದಲೇ ಮಾಡಿ ಮುಗಿಸಿದ್ದಳು. ಇವು ಸತ್ತರೆ ಪಾಪ ನನ್ನದು, ಮಕ್ಕಳಿಗೆ ಮತ್ತೆ ಕಡಬೇ ಗತಿ. ಹರಳುಪ್ಪು ತಂದೆ, ಎಷ್ಟು ಹಾಕಬೇಕೆಂಬ ಅಂಕಿ ಪುಸ್ತಕದಲ್ಲಿತ್ತು, ತಕ್ಕಡಿ ಕಾಲೇಜಿನಲ್ಲಿತ್ತು. ಕೊನೆಗೆ ಉಪ್ಪಿನಕಾಯಿಗೆ ಕೈಯಳತೆಯಲ್ಲೇ ಉಪ್ಪು ಹಾಕುವ ಅವ್ವನನ್ನೇ ಕರೆದೆ. ಅವ್ವನ ಕಣ್ಣು ತಪ್ಪಿಸಿ ಕ್ಯಾನಿನ ತಳದಲ್ಲಿ ಉಳಿದಿದ್ದ ಕಡಲ ನೀರನ್ನೊಮ್ಮೆ, ಬಕೆಟ್ಟಿನ ನೀರನ್ನೊಮ್ಮೆ ನಾನು ನಾಲಿಗೆಗೆ ಹಚ್ಚಿಕೊಂಡು ಇನ್ನೂ ಬೇಕು ಎನ್ನುವುದು, ಅವಳು ಸ್ವಲ್ಪ ಸ್ವಲ್ಪವೇ ಕರಗಿಸಿ ಸುರಿಯುವುದು. ತಲೆತಲಾಂತರದ ಸಸ್ಯಾಹಾರಿ ನಾಲಿಗೆ ಅದು, ಹಿರಿಯರು ಕ್ಷಮಿಸಲಿ.

ಎರಡೂ ನೀರಿನ ರುಚಿ ಒಂದೇ ಆಯಿತು. ಚಿಪ್ಪು ಮಾತ್ರ ತೆರೆಯಲಿಲ್ಲ. ನಾನು ಬಗ್ಗಿ ನೋಡಿದೆ, ಬೆರಳಿನಿಂದ ತಟ್ಟಿದೆ, ಬಕೆಟ್ಟು ತಿರುಗಿಸಿದೆ, ಅಂಗಳದಲ್ಲಿ ಶತಪಥ ಹಾಕಿ ಮತ್ತೆ ಬಗ್ಗಿದೆ. ಬೇಸತ್ತು ಸ್ನಾನಕ್ಕೆ ಹೋದೆ. ಬಂದಾಗ ಅವ್ವ ಬಕೆಟ್ಟಿನ ಪಕ್ಕ ಪುಂಡಿಪಲ್ಯದ ಎಲೆ ಬಿಡಿಸಿ ಸೋಸುತ್ತ ಕುಳಿತಿದ್ದಳು. ಆರೂ ಬಾಯಿ ತೆರೆದಿವೆ ಅಂದಳು. ನಾನು ಓಡಿ ಬಗ್ಗಿದೆ. ಆರೂ ಮುಚ್ಚಿಕೊಂಡವು.

“ಉಪ್ಪು ಬರೋಬರಿ ಐತಿ,” ಅಂದಳು ಅವ್ವ. “ಈಗ ನೀ ಸ್ವಲ್ಪ ಆಚೆ ಹೋಗು.”

ನೆರಳು ಬಿದ್ದರೂ, ನೀರು ಅಲುಗಿದರೂ ಅವು ಮುಚ್ಚುತ್ತವೆಂದು ಪುಸ್ತಕದ ಮುಂದಿನ ಪುಟದಲ್ಲೇ ಇದೆ. ಅಲ್ಲಿಯವರೆಗೆ ಕುಳಿತು ಓದಿದ್ದರೆ ತಾನೇ.

ಮಧ್ಯಾಹ್ನ ಅವನ್ನು ಗಾಜಿನ ಪಾತ್ರೆಯಲ್ಲಿ ಮೇಜಿನ ಮೇಲಿಟ್ಟು, ಮಾಡಬೇಕಾದ್ದನ್ನು ಹೇಳಿ, ನಾನು ಬಾಗಿಲ ಹೊರಗೆ ನಿಂತೆ. ಮಕ್ಕಳು ಉಸಿರು ಬಿಗಿಹಿಡಿದು ಕುಳಿತರು. ಚಿಪ್ಪು ತೆರೆದವು, ಸಿಹಿನೀರಿಗೆ ಮುಚ್ಚಿದವು, ಉಪ್ಪುನೀರಿಗೆ ಮತ್ತೆ ತೆರೆದವು. ಒಬ್ಬರಾದರೂ ಆಕಳಿಸಲಿಲ್ಲ. ಗಂಟೆ ಹೊಡೆದ ಮೇಲೆ ಮುಂದಿನ ಬೆಂಚಿನ ಹುಡುಗಿ ನನ್ನ ಹತ್ತಿರ ಬಂದು ಬಹಳ ವಿನಯದಿಂದ ಕೇಳಿದಳು:

“ನಾಳಿನ ಪಾಠಕ್ಕೂ ಹೊರಗ ನಿಂದರ್ತೀರೇನ್ರಿ, ಸರ?”