ಗೂಟದ ಮೇಲಿನ ಚಿಗರಿ

ಗೋಡೆ ಬೋಳಾಗಿ ಕಾಣುತ್ತದೆ ಎಂದು ನೀಲಾ ಹೇಳದೇ ಇದ್ದಿದ್ದರೆ ಅವಳ ಗಂಡ ಕಿರಣಕುಮಾರನ ಚಿಕನ್ ಖಾನಾವಳಿ ಆ ದಿನ ನಿರ್ವಿಘ್ನವಾಗಿ ಶುರುವಾಗುತ್ತಿತ್ತು. ಅವಳು ಹೇಳಿದಳು. ಅವನು ಬ್ಯಾಡಗಿಗೆ ಹೋಗಿ, ಮೆಣಸಿನಕಾಯಿ ವ್ಯಾಪಾರಿ ಶಂಭುಲಿಂಗನ ಅಟ್ಟದಿಂದ ಕೋಡುಳ್ಳ ಚಿಗರಿಯ ತಲೆಯೊಂದನ್ನು ಇಳಿಸಿಕೊಂಡು, ಹಸುಗೂಸಿನಂತೆ ಬೈಕಿನ ಮುಂದೆ ಕೂರಿಸಿಕೊಂಡು ರಾಣೆಬೆನ್ನೂರಿಗೆ ತಂದು ಗಲ್ಲಾಪೆಟ್ಟಿಗೆಯ ಮೇಲಿನ ಗೂಟಕ್ಕೆ ಸಿಕ್ಕಿಸಿದ.

ಕುಮಾರಪಟ್ಟಣದ ಫ್ಯಾಕ್ಟರಿ ಕೆಲಸ ಬಿಟ್ಟು ತೆಗೆದ ಖಾನಾವಳಿ ಅದು. ಮೊದಲ ದಿನವೇ ಹೆಸರು ಕೆಟ್ಟರೆ ಊರವರು ಈ ಕಡೆ ತಲೆ ಹಾಕಿಯೂ ಮಲಗುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು.

ಮಧ್ಯಾಹ್ನ ಮೇಜುಗಳೆಲ್ಲ ತುಂಬಿದವು. ನಿವೃತ್ತ ಹೆಡ್‌ಮಾಸ್ತರ ಮಾಲತೇಶಪ್ಪನವರು ಕೋಳಿಯ ಎರಡನೇ ಕಾಲನ್ನು ಬಾಯಿಗೆ ಒಯ್ಯುತ್ತ ಮೇಲೆ ನೋಡಿದರು. ಕಾಲು ಗಾಳಿಯಲ್ಲೇ ನಿಂತಿತು.

“ಕಿರಣಾ, ಏನೋ ಇದು? ಚಿಗರಿ ಹೊಡದೀಯೇನು?”

“ಅಯ್ಯ, ಕಾಗದದ್ದರಿ ಸರ. ಯಾವದೋ ನಾಟಕ ಕಂಪನಿ ಸಾಮಾನು. ಗೋಡೆ ಬೋಳ ಕಾಣತಿತ್ತಂತ...”

“ಸಿಕ್ಕ ಕಳ್ಳರೆಲ್ಲಾ ಹಿಂಗ ಅಂತಾರ. ಪಾಪ, ಆ ಕಣ್ಣ ನೋಡ್ರಿ!”

ಎಲ್ಲರೂ ನೋಡಿದರು. ಪಕ್ಕದ ಮೇಜಿನ ವಿಮಾ ಏಜೆಂಟ್ ರಂಜನಾ ಬಲಗೈ ಸಾರಿನಲ್ಲಿದ್ದಂತೆಯೇ ಎಡಗೈಯಲ್ಲಿ ಫೋನೆತ್ತಿ ವಿಡಿಯೊ ಶುರು ಮಾಡಿದಳು. “ಅಭಯಾರಣ್ಯ ಇದ್ದ ಊರಾಗ ಕೃಷ್ಣಮೃಗಕ್ಕ ಇಂಥಾ ಗತಿ, ನೋಡ್ರಿ!” ತಾಟಿನ ರೊಟ್ಟಿ ಆರುವ ಮೊದಲೇ ವಿಡಿಯೊ ಹಾವೇರಿ ಮುಟ್ಟಿತು. ಅಲ್ಲಿಂದ ಫಾರೆಸ್ಟ್ ಗಾರ್ಡ್ ಫಕ್ಕೀರಪ್ಪ ಜೀಪು ಹತ್ತಿದನೆಂದು ಸುದ್ದಿಯೂ ಬಂತು.

ಬಾಗಿಲಲ್ಲಿ ಜನ ಕೂಡಿದರು. ಧಿಕ್ಕಾರ ಕೂಗಿದರು. ಕೂಗಿ ಕೂಗಿ ಹಸಿವಾಗಿ, ಒಳಗೆ ಬಂದು ಕೂತು ಚಿಕನ್ ಹೇಳಿದರು. ಕಿರಣಕುಮಾರ ಗಾಬರಿಯಲ್ಲಿ ಚಿಗರಿಗೆ ಟವೆಲ್ಲು ಹೊದಿಸಿದ. ಅದು ಥೇಟ್ ಹೆಣದಂತೆ ಕಂಡಿತು. ಅಂಗಡಿ ಪೂಜೆಗೆಂದು ತಂದಿದ್ದ ಹಾರವನ್ನು ಯಾರೋ ಎತ್ತಿ ಅದೇ ಗೂಟಕ್ಕೆ ಹಾಕಿದರು. ಇನ್ಯಾರೋ ಊದಿನಕಡ್ಡಿ ಹಚ್ಚಿದರು.

ಕಿರಣಕುಮಾರನ ತಾಳ್ಮೆ ತಪ್ಪಿತು. “ಸರ, ಖರೇ ಚಿಗರಿ ಇದ್ರೂ ಬಯಲಾಗ ಜಿಗದಾಡಿ ಸತ್ತಿರತಿತ್ತು. ನಿಮ್ಮ ತಾಟಿನ ಕೋಳಿ ಮೇಡ್ಲೇರಿ ಹಾದೀ ಶೆಡ್ಡಿನ್ಯಾಗ ಹೊಳ್ಳಿ ನಿಲ್ಲಾಕ ಜಾಗ ಇಲ್ದ ಬೆಳದೈತಿ. ಇವತ್ತ ಲಾರಿ ಹತ್ತಿದಾಗನ ಮೊದಲ ಸಲ ಬಿಸಲ ಕಂಡೈತಿ. ಅದಕ್ಯಾಕ ಯಾರೂ ಪಾಪ ಅನ್ನವಲ್ರಿ?”

ಮಾಲತೇಶಪ್ಪನವರು ಎಲುಬು ಚೀಪುತ್ತ ಯೋಚಿಸಿದರು. “ಕೋಳಿ ಮಾತ ಬ್ಯಾರೆಪಾ. ತಾಟಿಗೆ ಬಂದಾಗ ಅದಕ್ಕ ಮಾರಿ, ಕಣ್ಣ ಏನೂ ಇರೂದಿಲ್ಲಲ್ಲ.”

ಎಲ್ಲರೂ ಹೌದೆಂದು ಗೋಣು ಹಾಕಿದರು. ಇನ್ನು ಮಾತು ಸಾಕೆಂದು ಕಿರಣಕುಮಾರ ಕುರ್ಚಿ ಹತ್ತಿ ಚಿಗರಿಯ ಕೋಡು ಹಿಡಿದು ಜಗ್ಗಿದ. ಕೋಡು ಕೈಗೆ ಬಂತು, ತಲೆ ನೆಲಕ್ಕೆ ಬಂತು. ಢಬ್ ಎಂದು ಒಡೆದ ತಲೆಯೊಳಗಿಂದ ಹಳೇ ಪೇಪರು, ಅಂಟು, ಮತ್ತು ಬ್ಯಾಡಗಿಯಲ್ಲಿ ಪುಕ್ಕಟೆ ಸಿಗುವ ಒಂದೇ ವಸ್ತುವಾದ ಮೆಣಸಿನಕಾಯಿ ತೊಟ್ಟು ಬುರುಬುರು ಸುರಿದವು.

ಘಾಟಿಗೆ ಇಡೀ ಖಾನಾವಳಿ ಸೀನಿತು. ಹಿತ್ತಲಲ್ಲಿ ಕೋಳಿ ಪಂಜರಕ್ಕೆ ಕೈ ಹಾಕಿದ್ದ ನೀಲಾ ಸೀನಿದ ರಭಸಕ್ಕೆ ಅದರ ಬಾಗಿಲು ಹಾಕುವುದನ್ನೇ ಮರೆತಳು.

“ಖರೇನ ಕಾಗದ!” ಮಾಲತೇಶಪ್ಪನವರು ಕಣ್ಣೀರು ಸುರಿಸುತ್ತಲೇ ಕಿರಣಕುಮಾರನನ್ನು ತಬ್ಬಿಕೊಂಡರು. “ಭಲೇ ಮಗನ! ಬಂಗಾರದಂಥಾ ಹುಡುಗನ ಮ್ಯಾಲ ಅಪವಾದ ಹಾಕಿದ್ವಲ್ಲೋ!” ಬೈದವರೇ ಅವನನ್ನು ಹೆಗಲ ಮೇಲೆ ಹೊತ್ತು ಕುಣಿದರು. ಫ್ಯಾನು ತಲೆಗೆ ತಗಲುವಷ್ಟು ಎತ್ತರದಲ್ಲಿ ಅವನು ಜಗತ್ತನ್ನೇ ಗೆದ್ದವನಂತೆ ಕೈ ಬೀಸಿದ. ರಂಜನಾ ಫೋನಿನಲ್ಲಿ ಸಾರಿದಳು: “ಇಲ್ಲೆ ಒಂದ ಜೀವಾನೂ ಹೋಗಿಲ್ರಿ! ಎಲ್ಲಾರೂ ಊಟಕ್ಕ ಬರ್ರಿ!” ಆ ಸಂತೋಷಕ್ಕೆ ಪ್ರತಿ ಮೇಜಿನವರೂ ಇನ್ನೊಂದೊಂದು ಕೋಳಿ ಹೇಳಿದರು. ಖಾನಾವಳಿಯ ಹೆಸರು ಉಳಿಯುವುದೇನು, ಬೆಳೆಯಿತು.

ಬಿಸಿ ತಾಟುಗಳು ಬಂದವು. ಕೈಗಳು ಬಾಯಿಗೆ ಹೊರಟವು. ಆಗ ಗಲ್ಲಾಪೆಟ್ಟಿಗೆಯ ಕಡೆಯಿಂದ “ಕೊಕ್” ಎಂದಿತು.

ಪಂಜರದಿಂದ ಹೊರಬಿದ್ದ ಬಿಳಿ ಕೋಳಿಯೊಂದು ಕುರ್ಚಿ, ಮೇಜು ಹತ್ತಿ ಗಲ್ಲಾಪೆಟ್ಟಿಗೆಯ ಮೇಲೆ ನಿಂತಿತ್ತು. ಗೂಟದಲ್ಲಿ ಖಾಲಿ ಜೋತುಬಿದ್ದಿದ್ದ ಹಾರದೊಳಗೆ ಕುತ್ತಿಗೆ ತೂರಿಸಿ, ಕತ್ತು ಓರೆ ಮಾಡಿ, ಊಟ ಮಾಡುವವರನ್ನು ಒಬ್ಬೊಬ್ಬರನ್ನಾಗಿ ನೋಡಿತು.

ಯಾರೂ ಅಗಿಯಲಿಲ್ಲ.

“ಪಾಪ,” ಎಂದರು ಮಾಲತೇಶಪ್ಪನವರು ಮೆಲ್ಲಗೆ. “ಆ ಕಣ್ಣ ನೋಡ್ರಿ.”

“ಗುಂಡಮ್ಮ ಅಂತ ಹೆಸರಿಡೂಣ್ರಿ,” ಎಂದು ರಂಜನಾ ಮೂಗೊರೆಸಿಕೊಂಡಳು. ಮುಟ್ಟದ ತಾಟುಗಳು ಒಂದೊಂದಾಗಿ ದೂರ ಸರಿದವು.

ಅಷ್ಟರಲ್ಲಿ ಹೊರಗೆ ಜೀಪು ನಿಂತಿತು. ಎಲ್ಲರೂ ಮರೆತೇಬಿಟ್ಟಿದ್ದ ಫಕ್ಕೀರಪ್ಪ ಲಾಠಿ ಬಡಿಯುತ್ತ ಬಾಗಿಲಿಗೆ ಬಂದ.

“ಯಾಂವರೀ ಇಲ್ಲೆ ಪ್ರಾಣಿ ಕೊಂದಾಂವ?”

ಇಡೀ ಖಾನಾವಳಿಯ ಬೆರಳುಗಳು ಒಟ್ಟಿಗೇ, ಮಸಾಲೆ ತೊಟ್ಟಿಕ್ಕಿಸುತ್ತ, ಕಿರಣಕುಮಾರನ ಕಡೆ ತಿರುಗಿದವು.